ಹೋಳಿ ಹುಣ್ಣಿಮೆ ಕಳೆದ ಮೇಲೆ ತುಡುವೆ ಪಾಲು ಮಾಡಿದ್ದು

ಧಾರವಾಡದಿಂದ ಕಲಘಟಗಿಗೆ ಹೋಗುವ ದಾರಿಯಲ್ಲಿರುವ ನಮ್ಮ ಮಾವಿನ ತೋಟದಲ್ಲಿ ಮೂರು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನು) ಪೆಟ್ಟಿಗೆಗಳಿದ್ದವು. ಒಂದು ಹಳೆಯದು, ಉಳಿದೆರಡನ್ನು ಆ ವರ್ಷದ ಕಾರ್ತಿಕದಲ್ಲಿ, ಬದುವಿನ ಹುತ್ತದಿಂದ ಒಂದು ಹಾಗೂ ಪಾಳು ಗೋಡೆಯ ಸಂದಿಯಿಂದ ಒಂದು, ಹಿಡಿದು ತುಂಬಿದ್ದೆ. ಗುರೆಳ್ಳು, ಹವೀಜ, ಕುಸುಬಿ, ಆಮೇಲೆ ಮಾವಿನ ಹೂವು ಎಂದು ಒಂದರ ಹಿಂದೊಂದು ಆಹಾರ ಸಿಕ್ಕಿದ್ದರಿಂದ ಶಿವರಾತ್ರಿಯ ಹೊತ್ತಿಗೆ ಎರಡೂ ಎಳೆಯ ಕುಟುಂಬಗಳು ಏಳೇಳು ಎರಿ, ಅಂದರೆ ಮೇಣದ ತಟ್ಟೆ, ಕಟ್ಟಿದ್ದವು. ಪಾಲು ಮಾಡಲು, ಅಂದರೆ ಒಂದು ಕುಟುಂಬವನ್ನು ಎರಡಾಗಿಸಲು, ಅದೇ ಸರಿಯಾದ ಸಮಯವಾಗಿತ್ತು. ಆದರೆ ಕಡಲೆ ಕಣದಲ್ಲಿ ಬಿದ್ದಿದ್ದರಿಂದ ನನಗೆ ಬಿಡುವು ಸಿಗುವಷ್ಟರಲ್ಲಿ ಹೋಳಿ ಹುಣ್ಣಿಮೆ ಮುಗಿದಿತ್ತು. ಪಕ್ಕದ ಹೊಲದ ಕಾಕಾ ನೋಡಿ, “ತಮ್ಮಾ, ಹೂವಾ ಮುಗದಾವು, ಈಗ ಪೆಟ್ಟಿಗಿ ಒಡದು ಏನ್ ಮಾಡ್ತಿ?” ಎಂದು ಕೇಳಿದರು.

ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಹಿಂದಿನ ವರ್ಷ ಇದೇ ದಿನಗಳಲ್ಲಿ ಒಂದು ಕುಟುಂಬವನ್ನು ಸರಿಯಾಗಿ ಅರ್ಧ ಮಾಡಿ, ರಾಣಿಯಿಲ್ಲದ ಪಾಲನ್ನು ಹೊಸ ಜಾಗದಲ್ಲಿಟ್ಟು, ತಾವೇ ರಾಣಿ ಬೆಳೆಸಿಕೊಳ್ಳಲಿ ಎಂದು ಬಿಟ್ಟಿದ್ದೆ. ಹಾರುವ ನೊಣಗಳೆಲ್ಲ ಎರಡೇ ದಿನದಲ್ಲಿ ಹಳೆಯ ಜಾಗಕ್ಕೆ ಮರಳಿದವು. ತಿಂಗಳು ಕಳೆದು ತೆರೆದಾಗ ಎರಿಯ ಒಂದೊಂದು ಕಣದಲ್ಲಿ (ಪುಟ್ಟ ಗೂಡಿನಲ್ಲಿ) ಮೂರು ನಾಲ್ಕು ಮೊಟ್ಟೆಗಳು ಅಡ್ಡಾದಿಡ್ಡಿಯಾಗಿ ಅಂಟಿಕೊಂಡಿದ್ದವು. ರಾಣಿಯಿಲ್ಲದೆ ದುಡಿಮೆ ನೊಣಗಳೇ ಮೊಟ್ಟೆಯಿಡತೊಡಗಿದ್ದವು. ಕೆಳಗಿನ ಎರಿಯಲ್ಲಿ ಮೇಣದ ಹುಳು ಬಲೆ ನೇಯ್ದಿತ್ತು.

ಆಮೇಲೆ ಕುಳಿತು ಲೆಕ್ಕ ಹಾಕಿದಾಗ ತಪ್ಪು ಎಲ್ಲಿ ಎಂಬುದು ತಿಳಿಯಿತು. ಮೊಟ್ಟೆಯೊಡೆದ ಎಳೆಯ ಹುಳುವಿನಿಂದ ರಾಣಿ ಬೆಳೆದು ಹೊರಬರಲು 11-12 ದಿನ, ಅದು ಹಾರಿ ಗಂಡುನೊಣಗಳನ್ನು ಕೂಡಿ ಮೊಟ್ಟೆಯಿಡಲು ಇನ್ನೂ 8-10 ದಿನ, ಆ ಮೊಟ್ಟೆ ನೊಣವಾಗಲು ಮತ್ತೆ ಸುಮಾರು 20 ದಿನ ಬೇಕು. ಪಾಲಿನಲ್ಲಿದ್ದ ಹಳೆಯ ಮರಿಯೋ 20 ದಿನಗಳಲ್ಲಿ ಪೂರ್ತಿ ಹೊರಬಂದಿರುತ್ತದೆ. ಹೀಗಾಗಿ ನಡುವೆ ಮೂರು ವಾರ ಒಂದೇ ಒಂದು ಹೊಸ ನೊಣ ಹುಟ್ಟುವುದಿಲ್ಲ. ಸುಗ್ಗಿಯ ಹೂವಿದ್ದಾಗ ಪಾಲು ಮಾಡಿದರೆ ಈ ಅಂತರ ಹೇಗೋ ದಾಟುತ್ತದೆ. ಬೇಸಿಗೆಯಲ್ಲಿ ದಾಟುವುದು ಕಷ್ಟ.

ಆದ್ದರಿಂದ ಈ ಸಲ ಬಲಿತ ರಾಣಿ ಕಣ (ರಾಣಿ ಬೆಳೆಯುವ ದೊಡ್ಡ ಕಣ) ಸಿಕ್ಕರೆ ಮಾತ್ರ ಪಾಲು ಮಾಡುವುದು ಎಂದು ನಿಶ್ಚಯಿಸಿದೆ. ಹಳೆಯ ಪೆಟ್ಟಿಗೆ ಹಿಂಡು ಹಾರಿಸುವ, ಅಂದರೆ ಒಂದು ಗುಂಪು ಹೊಸ ಗೂಡಿಗೆ ಹೊರಡುವ, ತಯಾರಿಯಲ್ಲಿತ್ತು. ಅದರ ಎರಿಯ ಅಂಚಿನಲ್ಲಿ ರಾಣಿ ಕಣಗಳು ಜೋತು ಬಿದ್ದಿದ್ದವು. ಅವುಗಳಲ್ಲಿ ಎರಡರ ತುದಿಯ ಮೇಣವನ್ನು ನೊಣಗಳು ಕೆರೆದು ತೆಗೆದು, ಒಳಗಿನ ಕಂದು ಪೊರೆ ಕಾಣುತ್ತಿತ್ತು. ಹಾಗಿದ್ದರೆ ರಾಣಿ ಹೊರಬರಲು ಒಂದೆರಡು ದಿನವಷ್ಟೇ ಬಾಕಿ ಎಂದರ್ಥ. ಗಂಡುನೊಣಗಳಿವೆಯೇ ಎಂದೂ ನೋಡಿದೆ. ತುಡುವೆಯ ಗಂಡುನೊಣದ ಕಣಕ್ಕೆ ಉಬ್ಬಿದ ಮುಚ್ಚಳವಿದ್ದು, ಅದರ ನೆತ್ತಿಯಲ್ಲಿ ಸೂಜಿ ಚುಚ್ಚಿದಂಥ ರಂಧ್ರವಿರುತ್ತದೆ. ಅಂಥ ಕಣಗಳಿದ್ದರೆ ಮಾತ್ರ ಸಾಲದು, ಏಕೆಂದರೆ ಹೊರಬಂದ ಗಂಡುನೊಣ ಬಲಿಯಲು ಹತ್ತು ದಿನವಾದರೂ ಬೇಕು. ಮಧ್ಯಾಹ್ನ ಬಾಗಿಲಲ್ಲಿ ದಪ್ಪ ದನಿಯಲ್ಲಿ ಗುಂಯ್‌ಗುಟ್ಟುತ್ತ ಹಾರುವ ಗಂಡುನೊಣಗಳನ್ನು ಕಂಡ ಮೇಲೆಯೇ ನನಗೆ ಧೈರ್ಯ ಬಂದದ್ದು.

ಎರಡೂ ಎಳೆಯ ಕುಟುಂಬಗಳಲ್ಲಿ ಈ ಬಾರಿ ರಾಣಿಯನ್ನೇ ಮೂರು ಎರಿಗಳ ಸಮೇತ ಹೊಸ ಪೆಟ್ಟಿಗೆಗೆ ಸಾಗಿಸಿ, ಇನ್ನೊಂದು ಎರಿಯ ಎಳೆ ನೊಣಗಳನ್ನೂ ಅದರೊಳಗೆ ಕೊಡವಿದೆ. ಮುಚ್ಚಿದ ಮರಿ ಹೆಚ್ಚಾಗಿದ್ದ ನಾಲ್ಕು ಎರಿಗಳು ಹಳೆಯ ಜಾಗದಲ್ಲೇ ಉಳಿದವು. ಹಾರುವ ನೊಣಗಳು ಅಲ್ಲಿಗೇ ಬರುವುದರಿಂದ ರಾಣಿಯಿಲ್ಲದ ಪಾಲಿಗೆ ಬಲ ಕುಗ್ಗಲಿಲ್ಲ. ಮರುದಿನ ಸಂಜೆ ರಾಣಿ ಕಣಗಳನ್ನು ಸುತ್ತಲಿನ ಎರಿಯ ತುಂಡಿನೊಂದಿಗೆ ಕತ್ತರಿಸಿ, ತುದಿ ಕೆಳಮುಖವಾಗಿಯೇ ಇರುವಂತೆ ಹಿಡಿದು ತಂದು, ಪಾಲಿಗೊಂದರಂತೆ ಮರಿಯಿರುವ ಎರಿಗೆ ಒತ್ತಿ ಕೂರಿಸಿದೆ. ಅಷ್ಟರಲ್ಲಿ ರಾಣಿಯಿಲ್ಲದ ನೊಣಗಳು ತಾವೇ ಆರಂಭಿಸಿದ್ದ ತುರ್ತು ರಾಣಿ ಕಣಗಳನ್ನು ಹುಡುಕಿ ಕಿತ್ತುಹಾಕಿದ್ದು ಮುಖ್ಯ ಕೆಲಸ. ಎರಿಯ ನಡುವೆ ಅಡಗಿರುವ ಅವು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಸಕ್ಕರೆ, ನೀರು ಸಮಸಮ ಕದಡಿ ಸಂಜೆ ಮಾತ್ರ ಕೊಟ್ಟೆ. ಹಗಲಿನಲ್ಲಿ ಕೊಟ್ಟರೆ ಬಲವಾದ ಕುಟುಂಬದವು ಕಳವಿಗೆ ಬರುತ್ತವೆ. ಬಾಗಿಲನ್ನು ಎರಡು ನೊಣ ಹಾಯುವಷ್ಟಕ್ಕೆ ಕಿರಿದು ಮಾಡಿ, ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟು, ಮೇಲೆ ಕಣಿಕೆಯ ನೆರಳು ಹಾಕಿದೆ. ಬಿಸಿಲು, ಹಸಿವು ಎರಡೂ ಸೇರಿದರೆ ತುಡುವೆ ಪೆಟ್ಟಿಗೆಯನ್ನೇ ಬಿಟ್ಟು ಹೋಗುತ್ತದೆ.

11ನೆಯ ದಿನ ಒಂದು ಪಾಲಿನಲ್ಲಿ ಕಣಕ್ಕೊಂದರಂತೆ ತಳದಲ್ಲಿ ನಿಂತ ಮೊಟ್ಟೆಗಳನ್ನು ಕಂಡೆ. ಇನ್ನೊಂದರಲ್ಲಿ ರಾಣಿ ಹೊರಬಂದ ಗುರುತಿತ್ತು, ಕಣದ ತುದಿ ದುಂಡಗೆ ಮುಚ್ಚಳದಂತೆ ಬಿಚ್ಚಿಕೊಂಡಿತ್ತು, ಆದರೆ ರಾಣಿ ಇರಲಿಲ್ಲ. ಆ ವಾರ ತಂತಿಯ ಮೇಲೆ ನೊಣ ಹಿಡಿದು ತಿನ್ನುವ ಕಳ್ಳಿಪೀರ ಹಕ್ಕಿಗಳ ಸಾಲೇ ಕುಳಿತಿತ್ತು. ಕೂಡಲು ಹಾರಿದ ರಾಣಿ ಅವುಗಳ ಬಾಯಿಗೆ ಸಿಕ್ಕಿರಬೇಕೆಂದು ನನ್ನ ಊಹೆ. ಎರಡನೆಯ ಕಣ ಕೊಟ್ಟು ನೋಡುವ ಆಸೆಯಾದರೂ ದಿನಗಳು ಉಳಿದಿರಲಿಲ್ಲ. ಎರಡೂ ಕಡೆಯ ನೊಣಗಳು ಮೆಲ್ಲಗೆ ಬೆರೆಯಲೆಂದು ನಡುವೆ ತೂತು ಚುಚ್ಚಿದ ಪತ್ರಿಕೆಯ ಹಾಳೆಯಿಟ್ಟು ಆ ಪಾಲನ್ನು ಅದರ ತಾಯಿ ಕುಟುಂಬಕ್ಕೇ ಸೇರಿಸಿದೆ. ನಾಲ್ಕನೆಯ ದಿನಕ್ಕೆ ಹಾಳೆ ಚೂರುಚೂರಾಗಿ ಬಾಗಿಲ ಮುಂದೆ ಬಿದ್ದಿತ್ತು.

ಗೆದ್ದ ಪಾಲು ಹೊಂಗೆ, ಬೇವಿನ ಹೂವಿನಲ್ಲಿ ಚೇತರಿಸಿಕೊಂಡು, ಮಿರುಗದ ಮಳೆಯ ಹೊತ್ತಿಗೆ ಐದು ಎರಿಯಾಗಿತ್ತು. ಅದರಿಂದ ಆ ವರ್ಷ ಒಂದು ಹನಿ ಜೇನನ್ನೂ ತೆಗೆಯಲಿಲ್ಲ.