ಅಡಿಕೆ ಸುಲಿಯುವ ನೆಪದಲ್ಲಿ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ 12 ವರ್ಷದಿಂದ ನಾನು ಮಾಡುತ್ತಿರುವ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಒಂಟಿಯಾಗಿರುವ ಹಿರಿಯರ ಮನೆಗೆ ಹೋಗುತ್ತೇನೆ. ಅವರನ್ನು ನಾಲ್ಕು ಜನರ ಜೊತೆ ಕೂರಿಸುತ್ತೇನೆ. ಅಮ್ಮ ಮಾತ್ರ ಕೇಳಿದವರಿಗೆಲ್ಲ "ಊರೂರು ಸುತ್ತಿ ಹರಟೆ ಹೊಡೀತಾಳೆ" ಅನ್ನುತ್ತಾರೆ. ಸುಳ್ಳೇನಲ್ಲ.

ಇಲ್ಲಿ ತೋಟಕ್ಕೊಂದು ಮನೆ. ನಡುವೆ ಗುಡ್ಡ, ಗದ್ದೆ, ಹಳ್ಳ. ಮಕ್ಕಳು ಬೆಂಗಳೂರಲ್ಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಫೋನೂ ಹೋಯಿತು.

ಮೊದಲ ವರ್ಷ ಸಮುದಾಯ ಭವನದಲ್ಲಿ 'ಒಂಟಿತನ ನಿವಾರಣಾ ಸಭೆ' ಅಂತ ಬ್ಯಾನರ್ ಕಟ್ಟಿಸಿದ್ದೆ. 40 ಕುರ್ಚಿ ಹಾಕಿಸಿದರೆ ಬಂದದ್ದು ಮೂರು ಜನ. ಅದರಲ್ಲೊಬ್ಬರು ಬೀಗ ತೆಗೆಯಲು ಬಂದವರು! ಆಮೇಲೆ ಒಬ್ಬ ಅಜ್ಜಿ ಬಾಯಿಬಿಟ್ಟರು: "ಅಲ್ಲಾ ಮಾರಾಯ್ತಿ, ಅಲ್ಲಿಗೆ ಬಂದ್ರೆ ಮಕ್ಕಳು ಕೈಬಿಟ್ರು ಅಂತ ನಾವೇ ಡಂಗುರ ಹೊಡೆದ ಹಾಗಲ್ವಾ?"

ದಾರಿ ತೋರಿಸಿದ್ದೂ ಅವರೇ. ಹಿಂದೆ ಕೊಯ್ಲಿನ ಸಮಯದಲ್ಲಿ ರಾತ್ರಿಯಿಡೀ ಅಂಗಳದಲ್ಲಿ ಹಸಿ ಅಡಿಕೆ ಸುಲಿಯುತ್ತಿದ್ದರಂತೆ. ಇವತ್ತು ಇವರ ಮನೆ, ನಾಳೆ ಅವರ ಮನೆ. ಮೆಟ್ಟುಗತ್ತಿ ಮುಂದೆ ಕೂತರೆ ಕೈ ತನ್ನಷ್ಟಕ್ಕೆ ಓಡುತ್ತದೆ, ಬಾಯಿಗೆ ಬಿಡುವು. ಮದುವೆ ಸಂಬಂಧ, ಜಗಳ, ಯಕ್ಷಗಾನ ಎಲ್ಲ ಅಲ್ಲೇ. ಸುಲಿಯುವ ಯಂತ್ರ ಬಂತು, ಬೆನ್ನುನೋವು ತಪ್ಪಿತು. ಜೊತೆಗೆ ಆ ಕೂಟವೂ ನಿಂತಿತು. ಯಂತ್ರವನ್ನು ಬೈಯುವುದಿಲ್ಲ, ಕೂಲಿಯಾಳು ಸಿಗದ ಊರಲ್ಲಿ ಇನ್ನೇನು ಮಾಡುತ್ತಾರೆ?

ಅವತ್ತಿನಿಂದ ಬ್ಯಾನರ್ ಬಿಟ್ಟೆ, ಕೆಲಸ ಹಿಡಿದೆ. ಕೊಯ್ಲಿನಲ್ಲಿ ವಾರಕ್ಕೊಂದು ಮಧ್ಯಾಹ್ನ ಒಬ್ಬರ ಜಗಲಿಯಲ್ಲಿ ಎರಡು ಬುಟ್ಟಿ ಅಡಿಕೆ ಮಾತ್ರ ಕೈಯಲ್ಲಿ ಸುಲಿಯುವುದು. ಬೇಸಿಗೆಯಲ್ಲಿ ಅಪ್ಪೆಮಿಡಿ, ಹಲಸಿನ ಹಪ್ಪಳ. "ಬೇಜಾರಾಗಿದೆಯಾ?" ಅಂತ ಯಾರನ್ನೂ ಕೇಳುವುದಿಲ್ಲ. ಕೇಳಿದರೆ "ಅರಾಮಿದೀನಿ" ಅನ್ನುತ್ತಾರೆ, ಮಾತು ಅಲ್ಲಿಗೆ ಮುಗೀತು. "ಅಜ್ಜಿ, ನಂಗೆ ಮಿಡಿಗೆ ಉಪ್ಪಿನ ಹದ ಗೊತ್ತಿಲ್ಲ, ಬರ್ತೀರಾ?" ಅಂದರೆ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಾರೆ.

ಮಳೆಗಾಲ ಮಾತ್ರ ಈಗಲೂ ಕಷ್ಟ. ಹಳ್ಳ ತುಂಬಿದರೆ ಸಂಕ, ಅಂದರೆ ಮರದ ಕಾಲುಸೇತುವೆ, ದಾಟಲು ನನಗೇ ಭಯ. ಅದಕ್ಕೆ ಇಬ್ಬಿಬ್ಬರ ಜೋಡಿ ಮಾಡಿದೆ. ಸಂಜೆ ಆರಕ್ಕೆ ಒಬ್ಬರು ಇನ್ನೊಬ್ಬರಿಗೆ ಮಿಸ್ಡ್ ಕಾಲ್ ಕೊಡಬೇಕು. ಬರದಿದ್ದರೆ ಹತ್ತಿರದ ಮನೆಯವರು ಬೆಳಿಗ್ಗೆ ಹೋಗಿ ನೋಡುತ್ತಾರೆ. ಹೆಚ್ಚಿನ ಸಲ ನೆಟ್‌ವರ್ಕ್ ಇರುವುದಿಲ್ಲ, ಅಷ್ಟೇ. ಹೋದವರು ಕಾಫಿ ಕುಡಿದು ಬರುತ್ತಾರೆ. ಅದೂ ಲೆಕ್ಕಕ್ಕೇ.

ಪಂಚಾಯ್ತಿಯಲ್ಲಿ "ಇದೂ ಒಂದು ಸಮಸ್ಯೆಯಾ?" ಅಂತ ನಗುತ್ತಿದ್ದರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೇ ಒಂದು ಆಯೋಗ ಮಾಡಿತು. ಅದರ ಸಹ ಅಧ್ಯಕ್ಷರಲ್ಲೊಬ್ಬರು ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವೈದ್ಯ ವಿವೇಕ್ ಮೂರ್ತಿ, ಮೂಲ ನಮ್ಮ ಮಂಡ್ಯ ಜಿಲ್ಲೆ. ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತದೆ ಅಂತ ಆಯೋಗದ 2025ರ ವರದಿ ಹೇಳಿತು. ನಗು ಸ್ವಲ್ಪ ಕಡಿಮೆಯಾಯಿತು. ಮಂಡ್ಯದ ಹೆಸರಿನಿಂದಲೋ ವರದಿಯಿಂದಲೋ, ಯಾರಿಗೆ ಗೊತ್ತು.

ಒಬ್ಬ ಅಜ್ಜಯ್ಯ ಮಾತ್ರ ಇವತ್ತಿಗೂ ಯಾವ ಜಗಲಿಗೂ ಬಂದಿಲ್ಲ. "ಸುಲಿದ್ರೆ ಕೂಲಿ ಎಷ್ಟು ಕೊಡ್ತೀಯಾ?" ಅಂತ ಕೇಳಿ ಬಾಗಿಲು ಹಾಕಿಕೊಂಡವರು. ಗುರುವಾರ ಗುರುವಾರ ಅವರ ಮನೆಗೆ ನಾನೇ ಹೋಗುತ್ತೇನೆ. ಅವರು ಪೇಪರ್ ಓದುತ್ತಾರೆ, ನಾನು ಸುಮ್ನೆ ಕೂತಿರುತ್ತೇನೆ. ಈಚೆಗೆ ಓದಿ ಮುಗಿಸಿದ ಹಾಳೆಯನ್ನು ನನ್ನ ಕಡೆ ತಳ್ಳುತ್ತಾರೆ.