ಚಿಕ್ಕಮಗಳೂರಿನ ಮಳೇಲಿ ಹಾಕ್ ವಿಮಾನಕ್ಕೆ ಕೆಂಪು ಹಚ್ಚಿದ್ದು: ನನ್ನ ಅನುಭವ

ಜುಲೈ ತಿಂಗಳಲ್ಲಿ ಚಿಕ್ಕಮಗಳೂರಲ್ಲಿ ಕೂತು ಥಿನ್ನರ್ ಬೆರೆಸೋ ಲ್ಯಾಕರ್ ಬಣ್ಣ ಸ್ಪ್ರೇ ಮಾಡ್ಬಾರ್ದು ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ಮೂರು ವಾರ ಕೂತು ಜೋಡಿಸಿ, ಉಜ್ಜಿ, ನಯ ಮಾಡಿದ ಹಾಕ್ ಅನ್ನೋ ಜೆಟ್ ತರಬೇತಿ ವಿಮಾನದ ಪುಟ್ಟ ಪ್ಲಾಸ್ಟಿಕ್ ಮಾಡೆಲ್‌ಗೆ ಒಂದು ಸಂಜೆ ಕೆಂಪು ಹೊಡೆದೆ, ಹೊಡೀವಾಗ ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ ಅಮ್ಮನ್ನ ಕರೆದು ತೋರಿಸ್ದೆ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದ್ರೆ ರೆಕ್ಕೆ ಮೇಲೆಲ್ಲಾ ಬೆಳ್ಳಗೆ ಮಂಜು ಕವಿದ ಹಾಗಿದೆ. ಒಣಮೆಣಸಿನಕಾಯಿಗೆ ಬೂಷ್ಟು ಹಿಡಿದ್ರೆ ಹೆಂಗಿರತ್ತೋ ಹಂಗೆ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಆಮೇಲೆ ಓದಿ ತಿಳ್ಕೊಂಡೆ, ಇದಕ್ಕೆ ಬ್ಲಶಿಂಗ್ ಅಂತಾರೆ. ಲ್ಯಾಕರ್ ಥಿನ್ನರ್ ಭಾಳ ಬೇಗ ಆವಿ ಆಗತ್ತೆ, ಆವಿ ಆಗ್ವಾಗ ಬಣ್ಣದ ಮೇಲ್ಮೈ ತಣ್ಣಗಾಗತ್ತೆ, ಗಾಳೀಲಿ ತೇವ ಜಾಸ್ತಿ ಇದ್ರೆ ಆ ತಣ್ಣನೆ ಮೇಲ್ಮೈ ಮೇಲೆ ನೀರು ಕೂತ್ಕೊಳ್ಳತ್ತೆ, ಸ್ಟೀಲ್ ಲೋಟದಲ್ಲಿ ತಣ್ಣೀರು ಹಾಕಿಟ್ರೆ ಹೊರಗಡೆ ಬೆವರತ್ತಲ್ಲ ಅದೇ ಲೆಕ್ಕ. ಆ ನೀರು ಹಸಿ ಬಣ್ಣದೊಳಗೆ ಸಿಕ್ಕಿಕೊಂಡು ಬೆಳ್ಳಗೆ ಕಾಣತ್ತೆ. ನಮ್ಮನೆ ಇರೋದು ರತ್ನಗಿರಿ ಬೋರೆ ಕಡೆ, ಮಳೆಗಾಲದಲ್ಲಿ ಮುಳ್ಳಯ್ಯನಗಿರಿ ಕಡೆಯಿಂದ ಮಂಜು ಇಳಿದ್ರೆ ಬೀರುವಿನೊಳಗಿನ ಬಟ್ಟೇನೂ ತಣ್ಣಗೆ ಒದ್ದೆ ಒದ್ದೆ ಅನ್ನಿಸತ್ತೆ, ಅಂಥಾ ಕಡೆ ಆಗ್ದೆ ಇನ್ನೇನು.

ಒಳ್ಳೇ ವಿಷಯ ಏನಂದ್ರೆ ಅದು ಸರಿಹೋಗತ್ತೆ. ಮಳೆ ಬಿಟ್ಟು ಬಿಸಿಲು ಬಿದ್ದ ಒಂದಿನ ನೋಡ್ಕೊಂಡು, ನಿಧಾನಕ್ಕೆ ಒಣಗೋ ರಿಟಾರ್ಡರ್ ಇರೋ ಥಿನ್ನರ್‌ನ ಬಣ್ಣ ಸೇರಿಸದೇನೇ ಬರೀ ಅದನ್ನೇ ಏರ್‌ಬ್ರಶ್‌ನಲ್ಲಿ, ಅಂದ್ರೆ ಗಾಳಿ ಒತ್ತಡದಲ್ಲಿ ಬಣ್ಣ ಚಿಮ್ಮಿಸೋ ಪೆನ್ನಿನಂಥ ಸ್ಪ್ರೇನಲ್ಲಿ, ತೆಳ್ಳಗೆ, ಇಬ್ಬನಿ ಬಿದ್ದ ಹಾಗೆ ಹೊಡೆದೆ. ಮೇಲಿನ ಪದರ ಮತ್ತೆ ಸ್ವಲ್ಪ ಕರಗಿ ಒಳಗಿದ್ದ ನೀರು ಹೊರಗೆ ಹೋಯ್ತು, ಕೆಂಪು ವಾಪಸ್ ಬಂತು. ಜಾಸ್ತಿ ಹೊಡೆದ್ರೆ ಬಣ್ಣ ಇಳಿಯತ್ತೆ, ಹಾಗಾಗಿ ಒಂದು ಸಲ ಹೊಡೆದು ಐದು ನಿಮಿಷ ಕಾದು ನೋಡಿ ಮತ್ತೆ ಹೊಡೀರಿ.

ಈ ಕೆಂಪೇ ಯಾಕೆ ಬೇಕಿತ್ತು ಅಂತ ಹೇಳ್ಬೇಕು. 2011ರ ಫೆಬ್ರವರೀಲಿ ನಮ್ಮ ಮಾವ ನನ್ನ ಯಲಹಂಕಕ್ಕೆ ಏರೋ ಇಂಡಿಯಾ ನೋಡೋಕೆ ಕರ್ಕೊಂಡು ಹೋಗಿದ್ರು. ನಮ್ಮ ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣ್‌ನ ಒಂಬತ್ತು ಕಿರಣ್ ಮಾರ್ಕ್ 2 ವಿಮಾನಗಳು ಕೆಂಪು ಬಿಳಿ ಬಣ್ಣದಲ್ಲಿ ಒಟ್ಟಿಗೆ ಬಂದಾಗ ನನ್ನ ಪಕ್ಕದಲ್ಲಿದ್ದ ಅಜ್ಜ ಒಬ್ರು ಕೈ ಮುಗಿದ್ರು, ಅದು ನಂಗೆ ಇವತ್ತಿಗೂ ಕಣ್ಣಲ್ಲಿದೆ. ಆ ತಂಡ 1996ರಲ್ಲಿ ನಮ್ಮ ಬೀದರ್‌ನಲ್ಲೇ ಶುರುವಾಗಿದ್ದು, ಕಿರಣ್ ವಿಮಾನನೂ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ವಿನ್ಯಾಸ ಆಗಿದ್ದು, 1964ರಲ್ಲಿ ಮೊದಲ ಸಲ ಹಾರಿದ್ದು. ನಾನು ನೋಡಿದ್ದು ಕಿರಣ್‌ನಲ್ಲಿ ಅವ್ರ ಕೊನೇ ಪ್ರದರ್ಶನಗಳಲ್ಲಿ ಒಂದು ಅಂತ ಆಮೇಲೆ ಗೊತ್ತಾಯ್ತು, ಪೈಲಟ್‌ಗಳ ತರಬೇತಿಗೆ ವಿಮಾನ ಸಾಲ್ದೆ ತಂಡನ ನಿಲ್ಲಿಸಿ, ಕೆಲವು ವರ್ಷ ಆದ್ಮೇಲೆ ಹಾಕ್ ಮಾರ್ಕ್ 132 ವಿಮಾನಗಳ ಜೊತೆ ಮತ್ತೆ ಶುರು ಮಾಡಿದ್ರು.

ಕಿರಣ್ ಕಿಟ್ ಅಂಗಡೀಲಿ ಸುಲಭಕ್ಕೆ ಸಿಗಲ್ಲ. ಹಾಕ್ ಸಿಗತ್ತೆ, ಏರ್‌ಫಿಕ್ಸ್, ರೆವೆಲ್, ಇಟಾಲೆರಿ ಎಲ್ರೂ ಮಾಡಿದ್ದಾರೆ. ಆದ್ರೆ ಸಾಮಾನ್ಯವಾಗಿ ಸಿಗೋದು ಬ್ರಿಟಿಷರ ಟಿ1 ಮಾದರಿ, ನಮ್ಮ 132ರ ಮೂತಿ ಅದಕ್ಕಿಂತ ಉದ್ದ. ಟಿ1ಗೆ ಸೂರ್ಯಕಿರಣ್ ಬಣ್ಣ ಹೊಡೆದ್ರೆ ನೋಡೋರಿಗೆ ಗೊತ್ತಾಗ್ದೇ ಇರ್ಬಹುದು, ನಂಗೆ ಗೊತ್ತಿರತ್ತಲ್ಲ. ಹಾಗಾಗಿ ಅದೇ ಟಿ1 ಹಾರಿಸೋ ಬ್ರಿಟನ್ನಿನ ಕಸರತ್ತು ತಂಡ ರೆಡ್ ಆರೋಸ್‌ನ ಕೆಂಪು ಬಣ್ಣಾನೇ ಹೊಡೀಬೇಕು ಅಂತ ತೀರ್ಮಾನ ಮಾಡ್ದೆ, ಅವ್ರು 1980ರಿಂದ ಹಾಕ್ ಹಾರಿಸ್ತಿದ್ದಾರೆ, ಅದಕ್ಕೂ ಮುಂಚೆ ಹಾರಿಸ್ತಿದ್ದಿದ್ದು ನ್ಯಾಟ್‌ನ ತರಬೇತಿ ಮಾದರಿ. ಅದೇ ನ್ಯಾಟ್‌ನ ಯುದ್ಧವಿಮಾನ ಮಾದರಿನ ಎಚ್‌ಎಎಲ್ ಬೆಂಗಳೂರಲ್ಲಿ ತಯಾರು ಮಾಡ್ತಿತ್ತು.

ಸ್ಕೇಲ್ 1/72, ಅಂದ್ರೆ 9.39 ಮೀಟರ್ ಅಗಲದ ರೆಕ್ಕೆ ಇಲ್ಲಿ 130 ಮಿಲಿಮೀಟರ್, ಅಂಗೈ ಮೇಲೆ ಕೂರತ್ತೆ. ಜೋಡಣೆ ಬಗ್ಗೆ ಜಾಸ್ತಿ ಹೇಳಲ್ಲ. ಪ್ಲಾಸ್ಟಿಕ್ ಫ್ರೇಮ್‌ಗಳನ್ನ ಪಾತ್ರೆ ಸೋಪಲ್ಲಿ ತೊಳೀರಿ, ಅಚ್ಚಿನ ಎಣ್ಣೆ ಇದ್ರೆ ಬಣ್ಣ ಹಿಡಿಯಲ್ಲ. ಮೂತಿಯೊಳಗೆ ತೂಕ ಹಾಕೋದನ್ನ ಮರೀಬೇಡಿ, ಇಲ್ಲಾಂದ್ರೆ ಮುಂದಿನ ಚಕ್ರ ಎದ್ದು ವಿಮಾನ ಬಾಲದ ಮೇಲೆ ಕೂರತ್ತೆ, ನಾನು ಮೀನಿನ ಗಾಳಕ್ಕೆ ಕಟ್ಟೋ ಸೀಸದ ಗುಂಡು ಹಾಕ್ದೆ, ಸೀಸ ಮುಟ್ಟಿದ್ಮೇಲೆ ಕೈ ತೊಳ್ಕೊಳ್ಳಿ. ಗಾಳಿ ಒಳಗೆ ಹೋಗೋ ಇನ್‌ಟೇಕ್‌ಗಳ ಒಳಭಾಗಕ್ಕೆ ಜೋಡಿಸೋಕೆ ಮುಂಚೇನೇ ಬಣ್ಣ ಹೊಡೀರಿ, ಆಮೇಲೆ ಬ್ರಶ್ ಹೋಗಲ್ಲ. ಉಜ್ಜೋ ವಾಟರ್ ಪೇಪರ್‌ಗೆ ಹಾಬಿ ಅಂಗಡೀನೇ ಬೇಕಂತಿಲ್ಲ, ಕಾರಿಗೆ ಪೇಂಟ್ ಮಾಡೋರಿಗೆ ಸಾಮಾನು ಮಾರೋ ಅಂಗಡೀಲಿ ಒರಟಾದ 400 ನಂಬರಿಂದ ನಯವಾದ 2000 ನಂಬರಿನವರೆಗೂ ಸಿಗತ್ತೆ, ನೀರು ಹಾಕಿ ಉಜ್ಜಿ. ಹೊಳೆಯೋ ಕೆಂಪಿನ ಕೆಳಗೆ ಒಂದು ಸಣ್ಣ ಗೀರು ಉಳಿದ್ರೂ ಎದ್ದು ಕಾಣತ್ತೆ.

ಈಗ ಕೆಂಪಿಗೆ ಬರ್ತೀನಿ. ಕೆಂಪು ಬಣ್ಣ ನೋಡೋಕೆ ಗಟ್ಟಿ, ಆದ್ರೆ ಅದು ಏನನ್ನೂ ಮುಚ್ಚಲ್ಲ, ಕೆಳಗಡೆ ಏನಿದೆಯೋ ಅದನ್ನ ಮೇಲಕ್ಕೆ ತೋರಿಸತ್ತೆ. ಇದನ್ನ ನಾನು ಮೊಸರಿನ ಡಬ್ಬದ ಮುಚ್ಚಳಗಳ ಮೇಲೆ ಮಾಡಿ ನೋಡ್ದೆ, ಮೂರು ಮುಚ್ಚಳ ತಗೊಂಡು ಒಂದಕ್ಕೆ ಬೂದು ಪ್ರೈಮರ್ (ಅಡಿ ಬಣ್ಣ), ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಬಿಳಿ ಮೇಲೆ ತಿಳಿ ಗುಲಾಬಿ, ಮೂರಕ್ಕೂ ಒಂದೇ ಬಾಟಲಿಯ ಕೆಂಪು, ಒಂದೇ ಸಮ ನಾಲ್ಕು ಕೋಟ್. ಬೂದು ಮೇಲಿಂದು ಹಳೇ ಹೆಂಚಿನ ಥರ ಕಂದು ಕೆಂಪಾಯ್ತು. ಬಿಳಿ ಮೇಲಿಂದು ಝಗ್ ಅಂತ ಬಂತು ಆದ್ರೆ ಅಂಚುಗಳಲ್ಲಿ ತೆಳ್ಳಗಾಗಿ ಪಟ್ಟೆ ಪಟ್ಟೆ. ಗುಲಾಬಿ ಮೇಲಿಂದು ಎರಡನೇ ಕೋಟಿಗೇ ಸಮ ಆಗಿ, ಮೂರಕ್ಕೆ ತುಂಬಿಕೊಳ್ತು, ನಾಲ್ಕನೇದು ಬೇಕೇ ಇರ್ಲಿಲ್ಲ. ಆ ಮೂರು ಮುಚ್ಚಳ ಇನ್ನೂ ನನ್ನ ಮೇಜಿನ ಮೇಲೇ ಇವೆ, ಯಾರಾದ್ರೂ ಕೆಂಪು ಹೇಗೆ ಹೊಡೆದ್ರಿ ಅಂತ ಕೇಳಿದ್ರೆ ಅದನ್ನೇ ಕೈಗೆ ಕೊಡ್ತೀನಿ.

ಇನ್ನೊಂದು, ಬಾಟಲಿಯ ಕೆಂಪನ್ನ ಹಂಗೇ ಹೊಡೆದ್ರೆ ಅಷ್ಟು ಸಣ್ಣ ವಿಮಾನಕ್ಕೆ ಕಣ್ಣಿಗೆ ಹೊಡೆಯತ್ತೆ. ದೂರದಲ್ಲಿರೋ ವಸ್ತು ಬಣ್ಣ ಸ್ವಲ್ಪ ಕಳ್ಕೊಂಡೇ ಕಾಣೋದಲ್ವಾ, ಮಾಡೆಲ್ ಅಂದ್ರೆ ದೂರದಿಂದ ನೋಡಿದ ವಿಮಾನವೇ. ಅದಕ್ಕೆ ತಿಳಿ ಮಾಡೋಕೆ ಬಿಳಿ ಸೇರಿಸಿದ್ರೆ ಗುಲಾಬಿ ಆಗ್ಬಿಡತ್ತೆ, ನಾನು ಹತ್ತು ಹನಿಗೆ ಒಂದು ಹನಿ ಕಿತ್ತಳೆ ಸೇರಿಸ್ದೆ.

ಪಕ್ಕದಲ್ಲಿ ಬರೋ ಬಿಳಿ ಮಿಂಚಿನ ಗೆರೆ ಡೆಕಾಲ್ ಆಗಿ, ಅಂದ್ರೆ ನೀರಲ್ಲಿ ನೆನೆಸಿ ಅಂಟಿಸೋ ತೆಳು ಚಿತ್ರವಾಗಿ, ಕಿಟ್‌ನಲ್ಲೇ ಇರತ್ತೆ. ಆದ್ರೆ ಬಿಳಿ ಡೆಕಾಲ್‌ನ ಗಾಢ ಕೆಂಪಿನ ಮೇಲೆ ಅಂಟಿಸಿದ್ರೆ ಕೆಳಗಿನ ಕೆಂಪು ಇಣುಕೋ ಭಯ ನಂಗೆ, ಹಾಗಾಗಿ ಆ ಗೆರೆನ ಬಣ್ಣದಲ್ಲೇ ಮಾಡ್ದೆ. ಮೊದ್ಲು ಬಿಳಿ, ಅದರ ಮೇಲೆ ಗೆರೆ ಆಕಾರಕ್ಕೆ ಗಾಜಿನ ಮೇಲೆ ಕತ್ತರಿಸಿದ ಮಾಸ್ಕಿಂಗ್ ಟೇಪು, ಅಂಚನ್ನ ಉಗುರಲ್ಲಿ ಚೆನ್ನಾಗಿ ಒತ್ತಿ. ಇಲ್ಲಿ ಒಂದು ಉಪಾಯ ಇದೆ, ಟೇಪ್ ಅಂಚಿಗೆ ಮತ್ತೆ ಒಂದು ಸಲ ಬಿಳೀನೇ ಹೊಡೀರಿ. ಟೇಪಿನಡಿ ಏನಾದ್ರೂ ಸಂದಿ ಇದ್ರೆ ಒಳಗೆ ನುಗ್ಗೋದು ಬಿಳಿ, ಬಿಳಿ ಮೇಲೆ ಬಿಳಿ ಗೊತ್ತೇ ಆಗಲ್ಲ, ಸಂದಿ ಮುಚ್ಚಿಹೋಗತ್ತೆ. ಆಮೇಲೆ ಗುಲಾಬಿ, ಆಮೇಲೆ ಕೆಂಪು. ಬಣ್ಣ ಪೂರ್ತಿ ಗಟ್ಟಿ ಆಗೋ ಮುಂಚೆ ಟೇಪನ್ನ ಹಿಂದಕ್ಕೆ ಮಡಚಿ ನಿಧಾನ ಎಳೀರಿ, ನೇರ ಮೇಲಕ್ಕೆ ಎತ್ತಿದ್ರೆ ಬಣ್ಣನೂ ಎದ್ದು ಬರತ್ತೆ. ಟೇಪ್ ಬಿಚ್ಚಿದಾಗ ಆ ಬಿಳಿ ಗೆರೆ ಬ್ಲೇಡಲ್ಲಿ ಕೊಯ್ದ ಹಾಗೆ ಕಂಡಿತ್ತು, ಈ ಇಡೀ ಕೆಲಸದಲ್ಲಿ ನಂಗೆ ಅತಿ ಹೆಚ್ಚು ಖುಷಿ ಕೊಟ್ಟ ಗಳಿಗೆ ಅದು.

ನನ್ನ ಏರ್‌ಬ್ರಶ್‌ದು 0.3 ಮಿಲಿಮೀಟರ್ ಸೂಜಿ, ಒತ್ತಡ 15ರಿಂದ 20 ಪಿಎಸ್‌ಐ, ಬಣ್ಣ ಹಾಲಿನ ಹದಕ್ಕಿರ್ಬೇಕು, ಬಣ್ಣ ಹಾಕೋ ಬಟ್ಟಲನ್ನ ಓರೆ ಮಾಡಿದ್ರೆ ಅದರ ಗೋಡೆ ಮೇಲೆ ಹಾಲಿನ ಥರ ತೆಳ್ಳಗೆ ಇಳೀಬೇಕು. ಕರೆಂಟು ಹೋಗೋದು ನಮ್ಮ ಕಡೆ ಮಾಮೂಲಿ, ಅದಕ್ಕೆ ಪಕ್ಕದಲ್ಲಿ ಥಿನ್ನರ್ ಬಾಟಲಿ ತೆರೆದಿಟ್ಕೊಂಡೇ ಶುರು ಮಾಡ್ತೀನಿ, ಕಂಪ್ರೆಸರ್ ನಿಂತ ತಕ್ಷಣ ಸೂಜಿ ಎಳೆದು ಒರೆಸಿಬಿಡ್ಬೇಕು. ಕಿಟಕಿ ತೆಗೆದಿರ್ಲಿ, ಮುಖಕ್ಕೆ ಆವಿ ತಡೆಯೋ ಕಾರ್ಟ್ರಿಜ್ ಇರೋ ಮಾಸ್ಕ್ ಇರ್ಲಿ, ಬಟ್ಟೆ ಮಾಸ್ಕ್ ಇದಕ್ಕೆ ಆಗಲ್ಲ. ಒಣಗ್ಸೋಕೆ ಒಂದು ತಗಡಿನ ಡಬ್ಬಕ್ಕೆ ಸಣ್ಣ ಬಲ್ಬ್ ಹಾಕಿ ಪೆಟ್ಟಿಗೆ ಮಾಡ್ಕೊಂಡೆ, ಒಳಗಿನ ಬಿಸಿ 40 ಡಿಗ್ರಿ ದಾಟದ ಹಾಗೆ ಥರ್ಮಾಮೀಟರ್ ಇಟ್ಟೆ, ಪ್ಲಾಸ್ಟಿಕ್ ಬಗ್ಗಬಾರ್ದು ಅಂತ. ಆದ್ರೆ ಹಸಿ ಬಣ್ಣನ ಯಾವತ್ತೂ ನೇರ ಅದರೊಳಗೆ ಇಡಬೇಡಿ, ಥಿನ್ನರ್ ಆವಿ ಬೆಂಕಿ ಹಿಡಿಯೋ ವಸ್ತು, ವಾಸನೆ ಪೂರ್ತಿ ಹೋದ್ಮೇಲೇನೇ ಇಡ್ಬೇಕು.

ಕಾಕ್‌ಪಿಟ್ ನಂಗೆ ಇಷ್ಟದ ಜಾಗ. ತರಬೇತಿ ವಿಮಾನ ಅಂದ್ಮೇಲೆ ಎರಡು ಸೀಟು, ಕಿರಣ್‌ನಲ್ಲಿ ಅಕ್ಕಪಕ್ಕ, ಹಾಕ್‌ನಲ್ಲಿ ಹಿಂದೆ ಮುಂದೆ. ಹಿಂದಿನ ಸೀಟು ಎತ್ತರದಲ್ಲಿರತ್ತೆ, ಹಿಂದೆ ಕೂತ ಗುರು ಮುಂದೆ ಕೂತ ಶಿಷ್ಯನ ತಲೆ ಮೇಲಿಂದ ದಾರಿ ನೋಡ್ಬೇಕಲ್ಲ. ಆ ಎತ್ತರ ಸರಿ ಇಲ್ಲಾಂದ್ರೆ ವಿಮಾನದ ಗುಣಾನೇ ಹೋಗತ್ತೆ, ಅಂಟಿಸೋ ಮುಂಚೆ ಪಕ್ಕದಿಂದ ನೋಡಿ. ಬೆಲ್ಟುಗಳನ್ನ ಮಾಸ್ಕಿಂಗ್ ಟೇಪ್‌ನ ಕೂದಲಿನಷ್ಟು ಸಣ್ಣ ಪಟ್ಟಿಗಳಲ್ಲಿ ಮಾಡ್ದೆ, ಅಪಾಯ ಬಂದಾಗ ಪೈಲಟ್‌ನ ಸೀಟು ಸಮೇತ ಹೊರಗೆ ಚಿಮ್ಮಿಸೋಕೆ ತೊಡೆ ಮಧ್ಯೆ ಇರೋ ಇಜೆಕ್ಷನ್ ಹಿಡಿಕೆಗೆ ಸಣ್ಣ ತಂತಿ ಬಗ್ಗಿಸಿ ಹಳದಿ ಬಳಿದು ಕಪ್ಪು ಚುಕ್ಕಿ ಇಟ್ಟೆ.

ಹಾಕ್ ಫೋಟೋ ನೋಡಿದ್ರೆ ಕ್ಯಾನೊಪೀಲಿ, ಅಂದ್ರೆ ಕಾಕ್‌ಪಿಟ್ ಮೇಲಿನ ಗಾಜಿನ ಮುಚ್ಚಳದಲ್ಲಿ, ಅಂಕುಡೊಂಕು ಬಿಳಿ ಗೆರೆ ಕಾಣತ್ತೆ, ಅದು ಅಲಂಕಾರ ಅಲ್ಲ, ಸಣ್ಣ ಸ್ಫೋಟಕ ತಂತಿ, ಪೈಲಟ್ ಇಜೆಕ್ಟ್ ಆಗೋ ಮುಂಚೆ ಅದು ಸಿಡಿದು ಗಾಜನ್ನ ಒಡೆಯತ್ತೆ. ಇದನ್ನ ಬಿಟ್ರೆ ಹಾಕ್ ಹಾಕ್ ಥರ ಕಾಣಲ್ಲ. ಮೊದಲು ಪೆನ್ನಲ್ಲಿ ಬರೆದೆ, ಗೆರೆ ದಪ್ಪ ಆಯ್ತು, ಅಳಿಸ್ದೆ. ಆಮೇಲೆ ಖಾಲಿ ಡೆಕಾಲ್ ಹಾಳೆಗೆ ಮಾಸಿದ ಬಿಳಿ ಹೊಡೆದು, ಒಣಗಿಸಿ, ಹೊಸ ಬ್ಲೇಡಲ್ಲಿ ಕಾಲು ಮಿಲಿಮೀಟರ್ ಅಗಲದ ಎಳೆಗಳನ್ನ ಸೀಳಿ, ಒದ್ದೆ ಮಾಡಿ ಒಂದೊಂದೇ ತುಂಡನ್ನ ಗಾಜಿನ ಒಳಮೈ ಮೇಲೆ ಕೂರಿಸ್ದೆ, ತಿರುಗೋ ಮೂಲೆಗಳಲ್ಲಿ ಎರಡು ತುಂಡು ಸೇರೋ ಹಾಗೆ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯ್ತು. ಕ್ಯಾನೊಪಿನ ದೇಹಕ್ಕೆ ಅಂಟಿಸೋಕೆ ಫೆವಿಕಾಲ್ ಥರದ ಬಿಳಿ ಅಂಟು ಮಾತ್ರ, ಸೂಪರ್ ಗ್ಲೂ ಆವಿಗೆ ಗಾಜು ಮಬ್ಬಾಗ್ಬಿಡತ್ತೆ.

ಡೆಕಾಲ್‌ಗೆ ಮುಂಚೆ ಹೊಳೆಯೋ ಕ್ಲಿಯರ್ ಕೋಟ್ ಬೇಕೇ ಬೇಕು, ಒರಟು ಮೈ ಮೇಲೆ ಅಂಟಿಸಿದ್ರೆ ಕೆಳಗೆ ಗಾಳಿ ಉಳಿದು ಬೆಳ್ಳಿ ಥರ ಮಿನುಗತ್ತೆ. ಉಗುರುಬೆಚ್ಚಗಿನ ನೀರು, ಡೆಕಾಲನ್ನ ಮೆತ್ತಗೆ ಮಾಡಿ ಮೈಗೆ ಕೂರಿಸೋ ಮೈಕ್ರೋ ಸೆಟ್, ಮೈಕ್ರೋ ಸೋಲ್ ದ್ರಾವಣ, ಅಷ್ಟೇ.

ಹಾರಿಸಿ ಬಳಸಿದ ವಿಮಾನದಂತೆ ಕಾಣ್ಲಿ ಅಂತ ಮಾಡೆಲನ್ನ ಬೇಕಂತಲೇ ಗಲೀಜು ಮಾಡೋದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಯುದ್ಧವಿಮಾನದ ಮಾಡೆಲ್ ನೋಡಿ ನೋಡಿ ಮೈಮೇಲಿನ ತಗಡು ಜೋಡಣೆಯ ಎಲ್ಲಾ ಗೆರೆಗೂ ಕಪ್ಪು ತುಂಬೋ ಅಭ್ಯಾಸ ಆಗಿದೆ. ಪ್ರದರ್ಶನದ ವಿಮಾನನ ಒರೆಸಿ ಹೊಳಪಾಗಿ ಇಟ್ಟಿರ್ತಾರೆ, ಅದಕ್ಕೆ ಕಪ್ಪು ತುಂಬಿದ್ರೆ ಆ ನೆಲದ ಸಿಬ್ಬಂದಿಯ ಶ್ರಮಕ್ಕೇ ಮೋಸ ಮಾಡ್ದಂಗೆ. ಕೆಂಪಿನ ಮೇಲೆ ಬರ್ನ್ಟ್ ಅಂಬರ್ ಅನ್ನೋ ಕಂದು ಆಯಿಲ್ ಪೇಂಟನ್ನ ತೆಳು ಮಾಡಿ ಹಾಕಿ, ಬಿಳಿ ಮೇಲೆ ತಿಳಿ ಬೂದು, ಗಾಳಿ ಹರಿಯೋ ದಿಕ್ಕಿಗೇ ಒರೆಸಿ. ಕೊಳೆ ಬೇಕಾಗಿರೋದು ಒಂದೇ ಜಾಗದಲ್ಲಿ, ಬಾಲದ ಹತ್ರ. ರೆಡ್ ಆರೋಸ್ ಹೊಗೆ ಬಿಡೋದು ಜೆಟ್ಟಿನ ಬಿಸಿ ಹೊಗೆಯೊಳಗೆ ಡೀಸೆಲ್ ಚಿಮ್ಮಿಸಿ, ಬಣ್ಣದ ಹೊಗೆಗೆ ಡೀಸೆಲ್ ಜೊತೆ ಡೈ ಸೇರಿಸ್ತಾರೆ, ಅದಕ್ಕೆ ಬಾಲದ ಸುತ್ತ ಎಣ್ಣೆ ಮಸಿ ಹಿಡಿಯತ್ತೆ. ಅಲ್ಲಿ ಕಂದು ಬೂದು ಚಾಕ್ ಪುಡಿನ ಬ್ರಶ್ ತುದೀಲಿ ತೇಯ್ದೆ. ಜೆಟ್ ಪೈಪಿಗೆ ಉಕ್ಕಿನ ಬಣ್ಣ ಬಳಿದು ಮೇಲೆ 6ಬಿ ಪೆನ್ಸಿಲ್ ಪುಡಿ ಬೆರಳಲ್ಲಿ ಉಜ್ಜಿದೆ, ಆ ಮಿರುಗು ಯಾವ ಬಣ್ಣದ ಬಾಟಲೀಲೂ ಬರಲ್ಲ.

ಕೊನೇ ಕ್ಲಿಯರ್ ಕೋಟನ್ನ ಡಿಸೆಂಬರ್‌ವರೆಗೂ ಮುಂದಕ್ಕೆ ಹಾಕ್ದೆ. ತೋಟಗಳಲ್ಲಿ ಅರೇಬಿಕಾ ಕೊಯ್ಲು ನಡೀತಿತ್ತು, ಕಣದಲ್ಲಿ ಕಾಫಿ ಹರವಿದ್ರು, ಹಣ್ಣು ಒಣಗೋ ಬಿಸಿಲು ಬಣ್ಣಕ್ಕೂ ಒಳ್ಳೇದೇ ಅಂತ ಬೆಳಗಿನ ಮಂಜು ಪೂರ್ತಿ ಬಿಟ್ಟ ಮೇಲೆ, ಹನ್ನೊಂದರಿಂದ ಮೂರರೊಳಗೆ ಹೊಡೆದು ಮುಗಿಸ್ದೆ. ಒಂದು ಚುಕ್ಕೀನೂ ಬೆಳ್ಳಗಾಗ್ಲಿಲ್ಲ. ಮಾವ ಬಂದಾಗ ಅಂಗೈ ಮೇಲೆ ಇಟ್ಕೊಂಡು ಕಿಟಕಿ ಬೆಳಕಿಗೆ ತಿರುಗ್ಸಿ ತಿರುಗ್ಸಿ ನೋಡಿದ್ರು, ಆಮೇಲೆ, ಕಿರಣ್ ಯಾವಾಗ ಮಾಡ್ತೀಯ ಅಂದ್ರು.

ಅದನ್ನೇ ಈಗ ಶುರು ಮಾಡಿದ್ದೀನಿ, ಕಿಟ್ ಇಲ್ದೆ, ಪ್ಲಾಸ್ಟಿಕ್ ಹಾಳೆ ಕತ್ತರಿಸಿ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ ಅಲ್ಲಿ ನಿಲ್ಸಿರೋ ಕಿರಣ್ ಸುತ್ತ ಮೂರು ಗಂಟೆ ಸುತ್ತಿ ಫೋಟೋ ತೆಗೆದು ಬಂದೆ. ರೆಕ್ಕೆ 10.7 ಮೀಟರ್, 72ರಿಂದ ಭಾಗಿಸಿದ್ರೆ 149 ಮಿಲಿಮೀಟರ್ ಹತ್ರ. ಹೊರಗಡೆ ಜೂನ್ ಮಳೆ ಹಿಡ್ಕೊಂಡಿದೆ, ಏರ್‌ಬ್ರಶ್‌ನ ಒರೆಸಿ ಡಬ್ಬಕ್ಕೆ ಹಾಕಿಟ್ಟಿದ್ದೀನಿ, ಮೇಜಿನ ಮೇಲೆ ಸದ್ಯಕ್ಕೆ ಅಕ್ಕಪಕ್ಕ ಕೂರೋ ಎರಡು ಸೀಟು, ಬಲಗಡೇದಕ್ಕೆ ಇನ್ನೂ ಬೆಲ್ಟ್ ಹಾಕ್ಬೇಕು.