ಇಡೀ ಪ್ರವಾಸ ಬೇಡ, ಚಿತ್ರಾನ್ನದ ಪೊಟ್ಟಣ ಸಾಕು: ಮಕ್ಕಳಿಂದ ಕತೆ ಬರೆಸುವುದು ಹೇಗೆ?

ಏಳನೇ ತರಗತಿಯ ಮಕ್ಕಳಿಗೆ ‘ನೀವು ಹೋದ ಪ್ರವಾಸದ ಬಗ್ಗೆ ಬರೆಯಿರಿ’ ಎಂದು ಹೇಳಿ ನೋಡಿ. ಎಲ್ಲ ನೋಟ್‌ಬುಕ್ಕಿನಲ್ಲೂ ಒಂದೇ ಪ್ರವಾಸ ಇರುತ್ತದೆ. ‘ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದೆವು. ಕೋಟೆ ನೋಡಿದೆವು. ತುಂಬಾ ಖುಷಿಯಾಯಿತು. ಇದು ನನ್ನ ಜೀವನದ ಮರೆಯಲಾಗದ ಅನುಭವ.’

ಅದೇ ಮಕ್ಕಳು ಬಿಸಿಯೂಟದ ಹೊತ್ತಿನಲ್ಲಿ ಏನು ಮಾತಾಡುತ್ತಾರೆ ಕೇಳಿ. ಕೋತಿ ಯಾರ ಕೈಯಿಂದ ಚಿತ್ರಾನ್ನದ ಪೊಟ್ಟಣ ಕಿತ್ತುಕೊಂಡಿತು, ಪಿಟಿ ಮೇಷ್ಟ್ರು ಅದರ ಹಿಂದೆ ಹೇಗೆ ಓಡಿದರು, ಎಲ್ಲವನ್ನೂ ನಟಿಸಿ ತೋರಿಸುತ್ತಾರೆ. ಕತೆ ಹೇಳುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಪೆನ್ನು ಹಿಡಿದ ಕೂಡಲೇ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಪ್ರಬಂಧದ ಅಚ್ಚು ನೆನಪಾಗುತ್ತದೆ, ಅಷ್ಟೇ. ‘ಗ್ರಂಥಾಲಯದ ಮಹತ್ವ’ ಬರೆಯಲು ಆ ಅಚ್ಚು ಸರಿ. ಕತೆಗೆ ಅಲ್ಲ.

ಮೊದಲು ಬಾಯಲ್ಲಿ

ಮೊದಲ ಪೀರಿಯಡ್‌ನಲ್ಲಿ ನೋಟ್‌ಬುಕ್ ತೆಗೆಸಲೇಬೇಡಿ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ. ಒಬ್ಬರು ಹೇಳಲಿ, ಇನ್ನೊಬ್ಬರು ಕೇಳಲಿ. ಕೇಳುವವರಿಗೂ ಕೆಲಸ ಇದೆ: ‘ಆಮೇಲೆ?’, ‘ಆಗ ನೀನು ಎಲ್ಲಿ ನಿಂತಿದ್ದೆ?’, ‘ಅವಳು ಏನಂದಳು?’ ಎಂದು ಕೇಳುತ್ತಿರಬೇಕು. ಮನೆಯಲ್ಲಿ ತುಳು, ಲಂಬಾಣಿ, ಉರ್ದು, ತೆಲುಗು ಆಡುವ ಮಕ್ಕಳಿದ್ದರೆ, ಅದೇ ಭಾಷೆಯ ಜೊತೆಗಾರರು ಸಿಕ್ಕರೆ, ಮೊದಲ ಸಲ ಆ ಭಾಷೆಯಲ್ಲೇ ಹೇಳಲಿ. ಎರಡನೇ ಸಲ ಕನ್ನಡದಲ್ಲಿ. ತರಗತಿ ಗದ್ದಲವಾಗುತ್ತದೆ. ಪಕ್ಕದ ಕೊಠಡಿಯ ಟೀಚರಿಗೆ ಮೊದಲೇ ಒಂದು ಮಾತು ಹೇಳಿಡಿ.

ಕತೆಯನ್ನು ಚಿಕ್ಕದು ಮಾಡಿಸಿ

ಇಲ್ಲಿ ಜಾಸ್ತಿ ಸಮಯ ಕೊಡಿ. ಮಕ್ಕಳ ಬರಹ ಸಪ್ಪೆಯಾಗುವುದಕ್ಕೆ ಮುಖ್ಯ ಕಾರಣ ಪದಗಳ ಕೊರತೆಯಲ್ಲ, ಇಡೀ ದಿನವನ್ನು ಒಂದು ಪುಟಕ್ಕೆ ತುರುಕುವುದು.

ಇದನ್ನು ವಿವರಿಸಲು ಒನಕೆ ಓಬವ್ವನ ಕತೆಗಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ. ಹೈದರಾಲಿಗೂ ಮದಕರಿ ನಾಯಕನಿಗೂ ನಡೆದ ಯುದ್ಧ ದೊಡ್ಡದು. ಆದರೆ ಜನ ಹೇಳುವ ಕತೆ ಎಷ್ಟು ಹೊತ್ತಿನದು? ಕಾವಲುಗಾರ ಗಂಡ ಊಟಕ್ಕೆ ಬಂದು ಕೂತಿದ್ದಾನೆ. ಓಬವ್ವ ನೀರು ತರಲು ಹೋಗಿದ್ದಾಳೆ. ಬಂಡೆಯ ಕಿಂಡಿಯ ಹತ್ತಿರ ಸದ್ದು ಕೇಳುತ್ತದೆ. ಕತೆಯೆಲ್ಲ ಅವನ ಊಟ ಮುಗಿಯುವಷ್ಟರಲ್ಲೇ ನಡೆಯುತ್ತದೆ. ಇರುವುದು ಒಂದು ಕಿಂಡಿ, ಒಂದು ಒನಕೆ, ಒಬ್ಬ ಹೆಂಗಸು. ಮಕ್ಕಳನ್ನು ಕೇಳಿ: ಓಬವ್ವನಿಗೆ ಏನು ಬೇಕಿತ್ತು? ಏನು ಅಡ್ಡ ಬಂತು? ಗಂಡನನ್ನು ಊಟದ ನಡುವೆ ಕರೆಯಬಹುದಿತ್ತಲ್ವಾ, ಯಾಕೆ ಕರೆಯಲಿಲ್ಲ? ಚರ್ಚೆ ತಾನಾಗಿಯೇ ಕಾವೇರುತ್ತದೆ.

ಈಗ ಅವರದೇ ಕತೆಗೆ ಅದೇ ಪ್ರಶ್ನೆ ಹಾಕಿಸಿ. ಏನು ಬೇಕಿತ್ತು? ಚಿತ್ರಾನ್ನ. ಏನು ಅಡ್ಡ ಬಂತು? ಕೋತಿ. ಎಷ್ಟು ಹೊತ್ತು ನಡೆಯಿತು? ಐದು ನಿಮಿಷ. ಬರೆಯಬೇಕಾದದ್ದು ಆ ಐದು ನಿಮಿಷವನ್ನು ಮಾತ್ರ. ಬೆಳಿಗ್ಗೆ ಎದ್ದದ್ದು, ಹಲ್ಲುಜ್ಜಿದ್ದು ಎಲ್ಲ ಹೊರಗೆ.

‘ಸರ್, ನನಗೆ ಏನೂ ಆಗೇ ಇಲ್ಲ’ ಎನ್ನುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಅದಕ್ಕೆ ಚಿಕ್ಕ ಪ್ರಶ್ನೆ ಕೊಡಿ: ಯಾವತ್ತಾದರೂ ದುಡ್ಡು ಕಳೆದುಕೊಂಡಿದ್ದೀಯಾ? ಕರೆಂಟು ಹೋದಾಗ ಮನೆಯಲ್ಲಿ ಯಾರು ಏನು ಮಾಡ್ತಿದ್ದರು? ಸುಳ್ಳು ಹೇಳಿ ಸಿಕ್ಕಿಬಿದ್ದದ್ದು? ಕೊನೆಯ ಪ್ರಶ್ನೆಗೆ ಕತೆ ಸಿಗದೇ ಇರುವುದು ಅಪರೂಪ. ಆದರೆ ಮನೆಯ ನೋವನ್ನು ಯಾರಿಂದಲೂ ಬಲವಂತವಾಗಿ ಬರೆಸಬೇಡಿ. ಕಟ್ಟುಕತೆ ಬರೆಯುತ್ತೇನೆ ಎಂದರೆ ಬರೆಯಲಿ.

ಒಂದು ಗೆರೆ ಬಿಟ್ಟು ಒಂದು ಗೆರೆ

ಮೊದಲ ಕರಡನ್ನು ಒಂದು ಗೆರೆ ಬಿಟ್ಟು ಬರೆಸಿ, ತಿದ್ದಲು ಜಾಗ ಬೇಕು. ಹದಿನೈದು ನಿಮಿಷ ಕೊಡಿ. ‘ಬ’ ದೊಡ್ಡದಾ, ಚಿಕ್ಕದಾ ಎಂದು ಕೇಳಿದರೆ ‘ತೋಚಿದ್ದು ಬರಿ, ಆಮೇಲೆ ನೋಡೋಣ’ ಎನ್ನಿ. ಕೆಂಪು ಪೆನ್ನು ಆ ದಿನ ಜೇಬಿನಲ್ಲೇ ಇರಲಿ.

ಬಿಚ್ಚಿ ಬರೆಯುವುದು

ನಿಜವಾದ ಪಾಠ ಎರಡನೇ ಕರಡಿನಲ್ಲಿ. ಕನ್ನಡದಲ್ಲಿ ಒಂದು ಸೌಕರ್ಯ ಇದೆ: ‘ಹೋಗಿ, ನೋಡಿ, ತಿಂದು, ಬಂದೆವು’ ಎಂದು ನಾಲ್ಕು ಕೆಲಸವನ್ನು ಒಂದೇ ವಾಕ್ಯದಲ್ಲಿ ಪೋಣಿಸಬಹುದು. ಮಾತಿಗೆ ಚೆಂದ. ಕತೆಯ ಮುಖ್ಯ ಗಳಿಗೆ ಮಾತ್ರ ಆ ಸರದಲ್ಲಿ ಸಿಕ್ಕಿ ಓಡಿಹೋಗುತ್ತದೆ. ‘ಕೋತಿ ಬಂದು ಪೊಟ್ಟಣ ಕಿತ್ತುಕೊಂಡು ಓಡಿತು’ ಎಂಬ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, ಎಲ್ಲರೂ ಸೇರಿ ಬಿಚ್ಚಿ:

‘ನಾನು ಪೊಟ್ಟಣದ ದಾರ ಬಿಚ್ಚುತ್ತಿದ್ದೆ. ಗೋಡೆಯ ಮೇಲೆ ಏನೋ ಅಲುಗಾಡಿತು. ತಲೆ ಎತ್ತಿದೆ. ಕೋತಿ ನನ್ನನ್ನು ನೋಡಲಿಲ್ಲ, ಚಿತ್ರಾನ್ನವನ್ನು ನೋಡಿತು. “ಲೇ, ಮುಚ್ಚೋ!” ಅಂತ ಯಾರೋ ಕೂಗಿದರು. ಅಷ್ಟರಲ್ಲಿ ನನ್ನ ಕೈಯಲ್ಲಿ ದಾರ ಮಾತ್ರ ಉಳಿದಿತ್ತು.’

ಎಲ್ಲ ವಾಕ್ಯವನ್ನೂ ಹೀಗೆ ಬಿಚ್ಚಲು ಹೋದರೆ ಕತೆ ನಿಂತುಬಿಡುತ್ತದೆ. ಒಂದೇ ಜಾಗ ಆರಿಸಲಿ.

ಇನ್ನೊಂದು ಕೆಲಸ: ‘ಖುಷಿಯಾಯಿತು’, ‘ಭಯವಾಯಿತು’, ‘ಬೇಜಾರಾಯಿತು’ ಕೆಳಗೆ ಗೆರೆ ಎಳೆಸಿ. ಭಯವಾದಾಗ ಕೈ ಏನು ಮಾಡಿತು, ಕಣ್ಣು ಎಲ್ಲಿತ್ತು ಎಂದು ಕೇಳಿ. ಉತ್ತರವನ್ನು ಬಿಟ್ಟ ಗೆರೆಯಲ್ಲಿ ಬರೆಯಲಿ.

ಸಂಭಾಷಣೆಯಲ್ಲಿ ಮನೆಮಾತಿನ ಕನ್ನಡ ಇರಲಿ. ಹುಬ್ಬಳ್ಳಿಯ ಅಜ್ಜಿ ‘ಎಲ್ಲಿಗೆ ಹೋಗಿದ್ದೆ’ ಅನ್ನುವುದಿಲ್ಲ, ‘ಎಲ್ಲಿ ಹೋಗಿದ್ದಿಲೇ’ ಅನ್ನುತ್ತಾಳೆ. ಅದನ್ನು ತಪ್ಪು ಎಂದು ತಿದ್ದಿದರೆ ಅಜ್ಜಿಯೇ ಕತೆಯಿಂದ ಎದ್ದು ಹೋಗುತ್ತಾಳೆ. ಉದ್ಧರಣ ಚಿಹ್ನೆಯೊಳಗೆ ಆಡುಮಾತು, ಹೊರಗೆ ಬರಹದ ಕನ್ನಡ. ಇಷ್ಟು ನಿಯಮ ಸಾಕು.

ತಲೆ, ಬಾಲ ಕತ್ತರಿಸಿ

ಮೊದಲ ಮೂರು ವಾಕ್ಯ ಮುಚ್ಚಿಟ್ಟು ಓದಲು ಹೇಳಿ. ಕತೆ ಅರ್ಥವಾದರೆ ಅವು ಬೇಕಿಲ್ಲ. ಕೊನೆಯಲ್ಲಿ ‘ಇದರಿಂದ ನಾನು ಕಲಿತ ಪಾಠವೇನೆಂದರೆ’ ಇದ್ದರೆ ಅದೂ ಹೋಗಲಿ. ನೀತಿ ಇಲ್ಲದಿದ್ದರೆ ಮಾರ್ಕ್ಸ್ ಇಲ್ಲ ಎಂಬ ಭಯ ಮಕ್ಕಳಿಗಿದೆ, ಸುಮ್ನೆ ಅಲ್ಲ, ನಾವೇ ಹಾಕಿದ್ದು. ಕೋತಿ ಚಿತ್ರಾನ್ನ ತಿಂದದ್ದರಲ್ಲಿ ಯಾವ ನೀತಿಯೂ ಇರಬೇಕಿಲ್ಲ.

ತಿದ್ದುವುದು ಕೊನೆಗೆ

ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಹಿಡಿಯಿರಿ. ಈ ಸಲ ಅ-ಹ ಗೊಂದಲ, ಮುಂದಿನ ಸಲ ಒತ್ತಕ್ಷರ. ಪುಟವೆಲ್ಲ ಕೆಂಪಾದರೆ ಮಗು ಮುಂದಿನ ಬಾರಿ ತನಗೆ ಕಾಗುಣಿತ ಗೊತ್ತಿರುವ ಪದಗಳನ್ನಷ್ಟೇ ಬಳಸುತ್ತದೆ. ಅಂಚಿನಲ್ಲಿ ‘ಗುಡ್’ ಬದಲು ಒಂದು ಪ್ರಶ್ನೆ ಬರೆಯಿರಿ: ‘ಆಮೇಲೆ ನಿನಗೆ ಊಟ ಯಾರು ಕೊಟ್ಟರು?’

ಈ ಕೆಲಸಕ್ಕೆ ನಾಲ್ಕೈದು ಪೀರಿಯಡ್ ಬೇಕು. ಪಾಠ ಮುಗಿಸುವ ಒತ್ತಡ ಇದ್ದರೆ ಎಫ್ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ತೆಗೆದುಕೊಳ್ಳಿ, ದಾಖಲೆಗೂ ಆಗುತ್ತದೆ. ಮುಗಿದ ಕತೆಗಳನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಅಂಟಿಸಿ ಗೋಡೆ ಪತ್ರಿಕೆ ಮಾಡಿ, ಐದನೆಯವರ ಕಣ್ಣಿಗೂ ಎಟುಕುವ ಎತ್ತರದಲ್ಲಿ ತೂಗುಹಾಕಿ.